ಮೆಜೆಸ್ಟಿಕ್‌ನಲ್ಲಿ ನಿಂತ ಮಗುವಿಗೆ ಟಿಕೆಟ್ ಎಷ್ಟು?

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣ, ಮೆಟ್ರೊ ನಿಲ್ದಾಣ ಮೂರೂ ಕೂಗಳತೆಯಲ್ಲಿವೆ. ಅಲ್ಲಿ ಒಬ್ಬ ತಾಯಿ ಮೂವರು ಮಕ್ಕಳೊಂದಿಗೆ ನಿಂತಿದ್ದಾರೆ ಎಂದುಕೊಳ್ಳಿ. ಏಳು ವರ್ಷದ ಅವಳಿಗಳು, ಒಂದು ಹೆಣ್ಣು ಒಂದು ಗಂಡು; ಜೊತೆಗೆ ಐದು ದಾಟಿ ಆರಕ್ಕೆ ಕಾಲಿಡುತ್ತಿರುವ ಕಿರಿಯ ಮಗ. ಹೋಗಬೇಕಾಗಿರುವುದು ತುಮಕೂರಿನ ತವರಿಗೆ.

ಕೆಂಪು ಬಸ್ಸು ಹತ್ತಿದರೆ ತಾಯಿಗೂ ಮಗಳಿಗೂ ಶೂನ್ಯ ಟಿಕೆಟ್. ಮಗಳ ಜೊತೆಯಲ್ಲೇ ಹುಟ್ಟಿದ ಮಗನಿಗೆ ಅರ್ಧ ಟಿಕೆಟ್. ಕಿರಿಯವನಿಗೆ ಟಿಕೆಟ್ಟೇ ಇಲ್ಲ. ರಸ್ತೆ ದಾಟಿ ರೈಲು ನಿಲ್ದಾಣದ ಸಾಮಾನ್ಯ ಟಿಕೆಟ್ ಕೌಂಟರಿಗೆ ಹೋದರೆ ತಾಯಿಗೆ ಪೂರ್ತಿ, ಮೂವರು ಮಕ್ಕಳಿಗೂ ಅರ್ಧ. ತುಮಕೂರು ಬೇಡ, ಊರೊಳಗೇ ಇರುವ ನೆಂಟರನ್ನು ನೋಡಿ ಬರೋಣ ಎಂದು ಮೆಟ್ರೊ ಮೆಟ್ಟಿಲು ಇಳಿದರೆ ನಾಲ್ವರಿಗೂ ಪೂರ್ತಿ ದರ. ಒಂದೇ ದಿನ, ಒಂದೇ ಜಾಗ, ಅದೇ ಮಕ್ಕಳು. ಅವರಿಗೆ ಎಷ್ಟು ವಯಸ್ಸು ಎಂಬುದಕ್ಕಿಂತ ಅವರು ಯಾವ ಬಾಗಿಲು ಹೊಕ್ಕರು ಎಂಬುದೇ ದರವನ್ನು ತೀರ್ಮಾನಿಸುತ್ತದೆ.

ಇದಕ್ಕೆ ಕಾರಣ ಸರಳ. ಮೂರು ಬಾಗಿಲುಗಳು ಮಗುವನ್ನು ಮೂರು ರೀತಿ ಅಳೆಯುತ್ತವೆ. ಕೆಎಸ್‌ಆರ್‌ಟಿಸಿಯಲ್ಲಿ 6 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, 6ರಿಂದ 12ರವರೆಗೆ ಅರ್ಧ. ರೈಲ್ವೆಯಲ್ಲಿ ಗೆರೆ ಬೀಳುವುದು 5ಕ್ಕೆ. 5 ತುಂಬಿದ ಮೇಲೆ 12ರೊಳಗೆ ಅರ್ಧ ದರ. ಆದರೆ ಮಗುವಿಗೆ ಪ್ರತ್ಯೇಕ ಬರ್ತ್ ಬೇಕೆಂದರೆ ದೊಡ್ಡವರಷ್ಟೇ ಹಣ ಕೊಡಬೇಕೆಂಬ ನಿಯಮ 2016ರ ಏಪ್ರಿಲ್ 21ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಅರ್ಧ ಹಣಕ್ಕೆ ಪೂರ್ತಿ ಬರ್ತ್ ಸಿಗುತ್ತಿತ್ತು. ಇನ್ನು ಮೆಟ್ರೊ ಜನ್ಮದಿನಾಂಕವನ್ನು ಕೇಳುವುದೇ ಇಲ್ಲ, ಎತ್ತರ ನೋಡುತ್ತದೆ. ದೊಡ್ಡವರ ಜೊತೆಗಿರುವ, 3 ಅಡಿಗಿಂತ ಗಿಡ್ಡಗಿರುವ ಮಗುವಿಗೆ ಉಚಿತ, ಅದಕ್ಕಿಂತ ಎತ್ತರವಿದ್ದರೆ ಪೂರ್ತಿ ಹಣ. ಅರ್ಧ ಟಿಕೆಟ್ ಎಂಬ ಪದ್ಧತಿಯೇ ಅಲ್ಲಿಲ್ಲ. ಸಾಧಾರಣವಾಗಿ ಬೆಳೆದ ಮಗು ಎರಡೂವರೆ, ಮೂರು ವರ್ಷಕ್ಕೇ 3 ಅಡಿ ದಾಟುತ್ತದೆ. ಬಸ್ಸಿನಲ್ಲಿ ಇನ್ನೂ ಮೂರು ವರ್ಷ ತಾಯಿಯ ತೊಡೆಯ ಮೇಲೆ ಪುಕ್ಕಟೆಯಾಗಿ ಕೂರಬಹುದಾದ ಮಗು ಮೆಟ್ರೊ ಗೇಟಿನ ಕಣ್ಣಿಗೆ ಆಗಲೇ ದೊಡ್ಡ ಮನುಷ್ಯ.

ಇಷ್ಟು ತಿಳಿದರೆ ಅರ್ಧ ತಿಳಿದಂತೆ. ಉಳಿದರ್ಧ, ಈ ರಿಯಾಯಿತಿಯ ಹಣವನ್ನು ಕೊಡುವವರು ಯಾರು ಎಂಬುದು. ದರ ಏರಿದಾಗ ಯಾರ ಜೇಬಿಗೆ ಕೈ ಹೋಗುತ್ತದೆ ಎನ್ನುವುದೂ ಅಲ್ಲೇ ಇದೆ. ದರ ಏರಿಕೆಯ ಸುದ್ದಿ ಬಂದ ದಿನ ನಾವೆಲ್ಲ ಶೇಕಡಾವಾರು ಅಂಕಿ ನೋಡಿ ಸಿಟ್ಟಾಗುತ್ತೇವೆ; ಉಚಿತ ಪ್ರಯಾಣದ ಸುದ್ದಿ ಬಂದ ದಿನ ಹಿಗ್ಗುತ್ತೇವೆ, ಇಲ್ಲವೇ ಬೈಯುತ್ತೇವೆ. ಎರಡೂ ಒಂದೇ ಲೆಕ್ಕದ ಪುಸ್ತಕದ ಎದುರುಬದುರಿನ ಪುಟಗಳು ಎಂಬುದು ಮರೆತುಹೋಗುತ್ತದೆ.

ಮೊದಲು ಶೇಕಡಾವಾರಿನ ಕಥೆ. ಕರ್ನಾಟಕದಲ್ಲಿ ಸರ್ಕಾರಿ ಬಸ್ ಓಡಿಸುವ ನಿಗಮಗಳು ನಾಲ್ಕು: ಕೆಎಸ್‌ಆರ್‌ಟಿಸಿ, ಬೆಂಗಳೂರಿನ ಬಿಎಂಟಿಸಿ, ಹುಬ್ಬಳ್ಳಿ ಕೇಂದ್ರವಾಗಿರುವ ವಾಯವ್ಯ ಸಾರಿಗೆ, ಕಲಬುರಗಿ ಕೇಂದ್ರವಾಗಿರುವ ಕಲ್ಯಾಣ ಕರ್ನಾಟಕ ಸಾರಿಗೆ. ಈ ನಾಲ್ಕರ ದರವನ್ನೂ ಶೇ 15ರಷ್ಟು ಏರಿಸಲು 2025ರ ಜನವರಿ 2ರಂದು ಸಚಿವ ಸಂಪುಟ ಒಪ್ಪಿತು. ಜನವರಿ 5ರಿಂದ ಹೊಸ ದರ ಜಾರಿಗೆ ಬಂತು. ಬಿಎಂಟಿಸಿಯಲ್ಲಿ ಅದಕ್ಕೆ ಹಿಂದೆ ದರ ಏರಿದ್ದು ಹತ್ತು ವರ್ಷಗಳ ಕೆಳಗೆ, 2015ರ ಜನವರಿಯಲ್ಲಿ. ಉಳಿದ ಮೂರು ನಿಗಮಗಳಲ್ಲಿ 2020ರಲ್ಲಿ. ಈ ಹತ್ತು ವರ್ಷಗಳಲ್ಲಿ ನಾಲ್ಕೂ ನಿಗಮಗಳ ದಿನದ ಡೀಸೆಲ್ ಖರ್ಚು 9.16 ಕೋಟಿ ರೂಪಾಯಿಯಿಂದ 13.21 ಕೋಟಿಗೆ ಏರಿದೆ ಎಂಬುದು ಆಗ ಸರ್ಕಾರ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು.

ಈಗ ಬಿಎಂಟಿಸಿಯ ಸಾಮಾನ್ಯ ಬಸ್ಸಿನ ಟಿಕೆಟ್ಟುಗಳನ್ನು ನೋಡಿ. 5 ರೂಪಾಯಿಯದು 6 ಆಯಿತು, 10 ರೂಪಾಯಿಯದು 12, 15 ರೂಪಾಯಿಯದು 18. ಪ್ರತಿಯೊಂದೂ ಶೇ 20ರ ಏರಿಕೆ. 20 ರೂಪಾಯಿಯ ಟಿಕೆಟ್ 23 ಆದಾಗ ಲೆಕ್ಕ ಸರಿಯಾಗಿ ಶೇ 15ಕ್ಕೆ ಬಂತು. 25 ರೂಪಾಯಿಯದು 28 ಆದಾಗ ಶೇ 12ಕ್ಕೆ ಇಳಿಯಿತು. ಅಂದರೆ ಎರಡು ಸ್ಟಾಪ್ ಆಚೆಯ ಶಾಲೆಗೋ ಮಾರುಕಟ್ಟೆಗೋ ಹೋಗುವವರ ಮೇಲೆ ಪಾಲು ಹೆಚ್ಚು, ದೂರ ಹೋಗುವವರ ಮೇಲೆ ಕಡಿಮೆ. ಇದರಲ್ಲಿ ಪಿತೂರಿ ಏನೂ ಇಲ್ಲ. ಬಸ್ಸಿನ ದರವನ್ನು ಕಿಲೋಮೀಟರ್ ಲೆಕ್ಕದಲ್ಲಿ ನೇರವಾಗಿ ವಸೂಲು ಮಾಡುವುದಿಲ್ಲ. ದಾರಿಯನ್ನು ಸ್ಟೇಜುಗಳಾಗಿ ತುಂಡು ಮಾಡಿ, ಒಂದೊಂದು ಸ್ಟೇಜಿಗೆ ಇಷ್ಟು ಎಂದು ನಿಗದಿ ಮಾಡಿ, ಬಂದ ಮೊತ್ತವನ್ನು ಪೂರ್ಣ ರೂಪಾಯಿಗೆ ಹೊಂದಿಸುತ್ತಾರೆ. 5 ರೂಪಾಯಿಗೆ ಶೇ 15 ಸೇರಿಸಿದರೆ 5 ರೂಪಾಯಿ 75 ಪೈಸೆ. ಆ 75 ಪೈಸೆಯನ್ನು ಯಾವ ಕಂಡಕ್ಟರ್ ಎಣಿಸಿ ಕೊಡುತ್ತಾರೆ? ಅದು ಒಂದು ರೂಪಾಯಿ ಆಗಲೇಬೇಕು. ಸಣ್ಣ ಟಿಕೆಟ್ಟಿನಲ್ಲಿ ಈ ಹೊಂದಿಸುವಿಕೆಯ ಪೆಟ್ಟು ಜೋರು.

ಮೆಟ್ರೊದಲ್ಲಿ ಇದೇ ಆಟ ಇನ್ನೂ ದೊಡ್ಡದಾಗಿ ನಡೆಯಿತು. 2025ರ ಫೆಬ್ರುವರಿ 9ರಿಂದ ನಮ್ಮ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು, ಕನಿಷ್ಠ ದರ ಮಾತ್ರ 10 ರೂಪಾಯಿಯಲ್ಲೇ ಉಳಿಯಿತು. ಎರಡೂ ತುದಿಗಳನ್ನು ನೋಡಿದವರಿಗೆ ಏರಿಕೆ ಅಷ್ಟೇನೂ ಭೀಕರ ಅನ್ನಿಸಲಿಲ್ಲ. ಆದರೆ ನಡುವಿನ ಕೆಲವು ನಿಲ್ದಾಣಗಳ ಮಧ್ಯೆ ಓಡಾಡುವವರ ದರ ದುಪ್ಪಟ್ಟಾಗಿತ್ತು. ಜನ ರೇಗಿದರು. ಒಂದು ವಾರ ತುಂಬುವ ಮೊದಲೇ ಮೆಟ್ರೊ ನಿಗಮವು ಏರಿಕೆ ಎಲ್ಲಿಯೂ ಶೇ 71 ಮೀರದಂತೆ ಪಟ್ಟಿಯನ್ನು ತಿದ್ದಿತು.

ಯಾರ ತಪ್ಪು ಎಂಬ ಜಗಳದಲ್ಲಿ ರಾಜ್ಯದವರು ಕೇಂದ್ರದತ್ತ, ಕೇಂದ್ರದವರು ರಾಜ್ಯದತ್ತ ಬೊಟ್ಟು ಮಾಡಿದರು. ಇಬ್ಬರಿಗೂ ಬೊಟ್ಟು ಮಾಡಲು ಕಾನೂನೇ ಜಾಗ ಕೊಟ್ಟಿದೆ. ಬಸ್ಸಿನ ದರವನ್ನು ನಿರ್ದೇಶಿಸುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರದ್ದು. ಆದ್ದರಿಂದ ಬಸ್ ದರ ಏರಿದರೆ ಹೊಣೆ ಯಾರದು ಎಂಬುದರಲ್ಲಿ ಗೊಂದಲವಿಲ್ಲ; ಚುನಾವಣೆ ಹತ್ತಿರವಿದ್ದಾಗ ಅದು ಏರದಿರುವುದೂ ಅದಕ್ಕೇ. ಮೆಟ್ರೊ ದರವನ್ನು ನಿಗದಿ ಮಾಡುವುದು 2002ರ ಮೆಟ್ರೊ ಕಾಯ್ದೆಯ ಅಡಿ ರಚನೆಯಾಗುವ ದರ ನಿಗದಿ ಸಮಿತಿ. ಅದರ ಮುಖ್ಯಸ್ಥರು ಹೈಕೋರ್ಟ್ ನ್ಯಾಯಮೂರ್ತಿ ಆಗಿರುವವರು ಇಲ್ಲವೇ ಆಗಿದ್ದವರು. ಉಳಿದ ಇಬ್ಬರಲ್ಲಿ ಒಬ್ಬರನ್ನು ಕೇಂದ್ರ, ಇನ್ನೊಬ್ಬರನ್ನು ರಾಜ್ಯ ನೇಮಿಸುತ್ತದೆ. ಸಮಿತಿಯ ಶಿಫಾರಸಿಗೆ ಮೆಟ್ರೊ ನಿಗಮ ಬದ್ಧವಾಗಿರಬೇಕು. 2017ರ ನಂತರ ಎಂಟು ವರ್ಷ ದರ ಮುಟ್ಟದೆ ಬಿಟ್ಟು ಒಂದೇ ಸಲ ಏರಿಸಿದ್ದರಿಂದ ಪೆಟ್ಟು ಬಲವಾಗಿ ಬಿತ್ತು. ವರ್ಷವರ್ಷ ಒಂದಿಷ್ಟು ಏರಿಸಿದ್ದರೆ ಗೊಣಗಿ ಸುಮ್ಮನಾಗುತ್ತಿದ್ದವರು ಇವರೇ.

ಈಗ ಉಚಿತದ ಪುಟ. ಮೆಜೆಸ್ಟಿಕ್‌ನಲ್ಲಿ ಬಿಟ್ಟುಬಂದ ಮೂವರು ಮಕ್ಕಳು ನಮ್ಮ ಮುಂದೆ ಮೂರು ಬಗೆಯ ರಿಯಾಯಿತಿಗಳಾಗಿ ನಿಂತಿದ್ದಾರೆ. ಹೊರನೋಟಕ್ಕೆ ಎಲ್ಲವೂ ರಿಯಾಯಿತಿಯೇ, ಒಳಗಿನ ಲೆಕ್ಕ ಮಾತ್ರ ಬೇರೆ ಬೇರೆ.

ಐದರ ಕಿರಿಯವನಿಗೆ ಕಂಡಕ್ಟರ್ ಟಿಕೆಟ್ ಹರಿಯುವುದಿಲ್ಲ. ಟಿಕೆಟ್ ಇಲ್ಲ ಎಂದರೆ ಯಂತ್ರದಲ್ಲಿ ದಾಖಲೆ ಇಲ್ಲ. ಸಾರಿಗೆ ನಿಗಮದ ಪುಸ್ತಕದಲ್ಲಿ ಅವನು ಆ ಬಸ್ಸಿನಲ್ಲಿ ಇರಲೇ ಇಲ್ಲ. ಅವನ ತೂಕವನ್ನು ಹೊತ್ತ ಡೀಸೆಲ್ಲಿನ ಹಣ ಉಳಿದ ಪ್ರಯಾಣಿಕರ ಟಿಕೆಟ್ಟಿನೊಳಗೆ ಕರಗಿಹೋಗುತ್ತದೆ. ಯಾರೂ ಅದನ್ನು ಕೇಳುವುದಿಲ್ಲ, ಕೇಳಲೂಬಾರದು.

ಏಳರ ಗಂಡು ಮಗುವಿನ ಅರ್ಧ ಟಿಕೆಟ್ ಯಂತ್ರದಲ್ಲಿ ದಾಖಲಾಗುತ್ತದೆ. ಅವನ ತಂದೆ ತಾಯಿ ಅರ್ಧ ಕೊಟ್ಟರು, ಇನ್ನರ್ಧವನ್ನು ಬಿಟ್ಟುಕೊಟ್ಟದ್ದು ದರಪಟ್ಟಿ. ಬಹಳ ಹಳೆಯ ರೂಢಿ ಇದು. ಶೇ 15ರ ಏರಿಕೆ ಬಂದಾಗ ಈ ಮೂವರು ಮಕ್ಕಳಲ್ಲಿ ಕೈಯಿಂದ ಹೆಚ್ಚು ಹಣ ಕೊಡಬೇಕಾಗಿ ಬಂದದ್ದು ಇವನೊಬ್ಬನಿಗೇ. ಅಂದಹಾಗೆ, ಅರ್ಧ ಟಿಕೆಟ್ ಎಲ್ಲ ಸಲವೂ ಪೂರ್ತಿ ಟಿಕೆಟ್ಟಿನ ನೇರ ಅರ್ಧವಾಗಿರುವುದಿಲ್ಲ. ಪೂರ್ಣ ರೂಪಾಯಿಗೆ ಹೊಂದಿಸುವುದು ಒಂದು ಕಾರಣ. ದೂರದ ಟಿಕೆಟ್ಟಿನೊಳಗೆ ಮೂಲ ದರದ ಜೊತೆ ಟೋಲ್ ಪಾಲು, ಅಪಘಾತ ಪರಿಹಾರ ನಿಧಿಯ ವಂತಿಗೆ ಇಂಥವೂ ಸೇರಿರುವುದು ಇನ್ನೊಂದು. 2024ರ ಜನವರಿ 1ರಿಂದ ಕೆಎಸ್‌ಆರ್‌ಟಿಸಿ 50ರಿಂದ 99 ರೂಪಾಯಿಯ ಟಿಕೆಟ್ಟಿಗೆ 1 ರೂಪಾಯಿ, 100 ಮತ್ತು ಮೇಲಿನದಕ್ಕೆ 2 ರೂಪಾಯಿ ವಂತಿಗೆ ಹಾಕಿತು. ಬದಲಿಗೆ ಅಪಘಾತದಲ್ಲಿ ಸತ್ತ ಪ್ರಯಾಣಿಕರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 3 ಲಕ್ಷದಿಂದ 10 ಲಕ್ಷಕ್ಕೆ ಏರಿಸಿತು. ಕಂಡಕ್ಟರ್ ಜೊತೆ ಒಂದು ರೂಪಾಯಿಗೆ ಜಗಳಕ್ಕೆ ಇಳಿಯುವ ಮುನ್ನ ಇದು ನೆನಪಿರಲಿ.

ಏಳರ ಹೆಣ್ಣು ಮಗುವಿನ ಶೂನ್ಯ ಟಿಕೆಟ್ ಇವೆರಡಕ್ಕಿಂತಲೂ ಬೇರೆ ಜಾತಿಯದು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ವಿಳಾಸವಿರುವ ಮಹಿಳೆಯರಿಗೆ, ಬಾಲಕಿಯರಿಗೆ, ಲೈಂಗಿಕ ಅಲ್ಪಸಂಖ್ಯಾತರಿಗೆ ರಾಜ್ಯದೊಳಗಿನ ಸಾಮಾನ್ಯ, ವೇಗದೂತ ಮತ್ತು ನಗರ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಐರಾವತ, ವಜ್ರದಂಥವಕ್ಕೆ ಅನ್ವಯಿಸುವುದಿಲ್ಲ. ಇಲ್ಲಿ ‘ಉಚಿತ’ ಎನ್ನುವುದು ಹತ್ತುವವರಿಗೆ ಮಾತ್ರ. ಕಂಡಕ್ಟರ್ ಟಿಕೆಟ್ ಕೊಡಲೇಬೇಕು, ಹತ್ತಿದವರು ಪಡೆಯಲೇಬೇಕು. ಏಕೆಂದರೆ ಆ ಶೂನ್ಯದ ಹಿಂದೆ ನಿಜವಾದ ದರವೊಂದು ಅಡಗಿ ಕುಳಿತಿದೆ. ಆ ದರಗಳನ್ನೆಲ್ಲ ಕೂಡಿಸಿ ನಿಗಮ ಸರ್ಕಾರಕ್ಕೆ ಬಿಲ್ ಕಳಿಸುತ್ತದೆ. ಟಿಕೆಟ್ ಹರಿಯದಿದ್ದರೆ ಆ ಪ್ರಯಾಣದ ಹಣವನ್ನು ಕೇಳಲು ನಿಗಮದ ಕೈಯಲ್ಲಿ ಪುರಾವೆಯೇ ಇರುವುದಿಲ್ಲ. ‘ಫ್ರೀ ಅಲ್ಲವಾ, ಟಿಕೆಟ್ ಯಾಕೆ?’ ಎಂದು ಕೇಳುವವರಿಗೆ ಉತ್ತರ ಇದು.

2025ರ ಜುಲೈ ಹೊತ್ತಿಗೆ ಹೀಗೆ ಹರಿದ ಶೂನ್ಯ ಟಿಕೆಟ್ಟುಗಳು 500 ಕೋಟಿ ಮುಟ್ಟಿದವು. ಅವುಗಳ ಮೌಲ್ಯ 12,600 ಕೋಟಿ ರೂಪಾಯಿಗೂ ಹೆಚ್ಚು. ಭಾಗಿಸಿ ನೋಡಿದರೆ ಒಂದು ಪ್ರಯಾಣಕ್ಕೆ ಸರಾಸರಿ 25 ರೂಪಾಯಿ. ಹೆಂಗಸರು ಉಚಿತವೆಂದು ತೀರ್ಥಯಾತ್ರೆ ಹೊರಟಿದ್ದಾರೆ ಎಂದು ಲೇವಡಿ ಮಾಡಿದವರು ಈ 25 ರೂಪಾಯಿಯನ್ನು ಒಮ್ಮೆ ನೋಡಬೇಕು. ಧರ್ಮಸ್ಥಳದ ಬಸ್ಸುಗಳು ತುಂಬಿದ್ದು ನಿಜ, ಆದರೆ ಈ ಅಂಕಿಯನ್ನು ಕಟ್ಟಿದ್ದು ಗಾರ್ಮೆಂಟ್ಸ್ ಕಾರ್ಖಾನೆಗೆ, ತರಕಾರಿ ಸಂತೆಗೆ, ತಾಲ್ಲೂಕು ಆಸ್ಪತ್ರೆಗೆ ಹೋಗುವಂಥ ಸಣ್ಣ ಸಣ್ಣ ಓಡಾಟಗಳು.

ಇಲ್ಲೇ ದರ ಏರಿಕೆಯೂ ಉಚಿತವೂ ಒಂದನ್ನೊಂದು ಮುಟ್ಟುತ್ತವೆ. 2025ರ ಜನವರಿಯಲ್ಲಿ ದರ ಏರಿದಾಗ ಮಹಿಳೆಯರ ಮೇಲೆ ಪರಿಣಾಮವಿಲ್ಲ ಎಂದು ಎಲ್ಲರೂ ಹೇಳಿದರು. ಪ್ರಯಾಣಿಕರ ಮಟ್ಟಿಗೆ ಅದು ಸರಿ. ಆದರೆ ಶೂನ್ಯ ಟಿಕೆಟ್ಟಿನ ಹಿಂದೆ ಅಡಗಿರುವ ದರ ಕೂಡ ಅಂದೇ ಶೇ 15 ಏರಿತು. ಅಂದರೆ ಅಷ್ಟೇ ಮಹಿಳೆಯರು ಅಷ್ಟೇ ದೂರ ಓಡಾಡಿದರೂ ಸರ್ಕಾರ ಕೊಡಬೇಕಾದ ಬಿಲ್ ಶೇ 15ರಷ್ಟು ದೊಡ್ಡದಾಯಿತು. ಈಗ ಬಜೆಟ್ ಪುಸ್ತಕ ತೆರೆಯಿರಿ. ಶಕ್ತಿಗೆಂದು 2024-25ರಲ್ಲಿ ಇಟ್ಟದ್ದು 5,015 ಕೋಟಿ ರೂಪಾಯಿ, 2025-26ರಲ್ಲಿ 5,300 ಕೋಟಿ. ಏರಿಕೆ ಶೇ 6ರ ಒಳಗೆ. ದರ ಏರಿದ್ದು ಶೇ 15, ಆ ದರವನ್ನು ತುಂಬಿಕೊಡಲು ಇಟ್ಟ ಹಣ ಏರಿದ್ದು ಅದರ ಅರ್ಧಕ್ಕಿಂತಲೂ ಕಡಿಮೆ. ಮಧ್ಯದ ಅಂತರ ಆವಿಯಾಗಿ ಹೋಗುವುದಿಲ್ಲ. ಅದು ನಿಗಮದ ಪುಸ್ತಕದಲ್ಲಿ ‘ಬರಬೇಕಾದದ್ದು’ ಎಂಬ ಅಂಕಣದಲ್ಲಿ ಕೂರುತ್ತದೆ. ಬರಬೇಕಾದದ್ದು ತಡವಾದಷ್ಟೂ ಹೊಸ ಬಸ್ಸು, ಹೊಸ ಚಾಲಕ, ಹಳ್ಳಿಯ ಇನ್ನೊಂದು ಟ್ರಿಪ್ಪು ಮುಂದಕ್ಕೆ ಹೋಗುತ್ತವೆ.

ನಾನು ಉಚಿತ ಪ್ರಯಾಣದ ವಿರೋಧಿಯಲ್ಲ. ಶೂನ್ಯ ಟಿಕೆಟ್ಟಿನ ಪದ್ಧತಿ ತೊಡೆಯ ಮೇಲಿನ ಮಗುವಿನ ಪದ್ಧತಿಗಿಂತ ಪ್ರಾಮಾಣಿಕ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಎಣಿಕೆ ಇದೆ. ಎಣಿಸಿದ್ದಕ್ಕೆ ಹಣ ಕೇಳಬಹುದು, ಹಣ ಬರದಿದ್ದರೆ ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಬಹುದು. ಸಾರಿಗೆ ನಿಗಮಗಳು ಹುಟ್ಟಿದ 1950ರ ಕಾಯ್ದೆಯ 22ನೇ ಸೆಕ್ಷನ್, ನಿಗಮವು ವ್ಯಾವಹಾರಿಕ ತತ್ತ್ವಗಳ ಮೇಲೆ ನಡೆಯಬೇಕು ಎನ್ನುತ್ತದೆ. ಅದೇ ಕಾಯ್ದೆಯ 34ನೇ ಸೆಕ್ಷನ್, ಸರ್ಕಾರ ನಿಗಮಕ್ಕೆ ನಿರ್ದೇಶನ ಕೊಡಬಹುದು ಎನ್ನುತ್ತದೆ. ವ್ಯಾಪಾರಿಯ ಹಾಗೆ ಬಾಳು, ಆದರೆ ನಾನು ಹೇಳಿದವರಿಗೆ ಪುಕ್ಕಟೆ ಕೊಡು. ಈ ಎರಡು ಮಾತುಗಳ ನಡುವೆ ಸೇತುವೆಯಾಗಬಲ್ಲದ್ದು ಸಕಾಲಕ್ಕೆ ಬರುವ ಹಣ ಮಾತ್ರ.

ಲಂಡನ್ನಿನ ಉದಾಹರಣೆ ಇಲ್ಲಿ ನೆನಪಾಗುತ್ತದೆ. ಅಲ್ಲಿ 2005ರಿಂದ 16 ವರ್ಷದೊಳಗಿನವರಿಗೆ, ಮರುವರ್ಷದಿಂದ ಓದುತ್ತಿರುವ 18ರೊಳಗಿನವರಿಗೆ ಬಸ್ ಉಚಿತ. 2020ರಲ್ಲಿ ಕೊರೊನಾದಿಂದ ಪ್ರಯಾಣಿಕರೇ ಇಲ್ಲದೆ ಲಂಡನ್ ಸಾರಿಗೆ ಸಂಸ್ಥೆ ಬ್ರಿಟನ್ ಸರ್ಕಾರದ ಮುಂದೆ ಕೈಯೊಡ್ಡಿದಾಗ, ನೆರವಿನ ಷರತ್ತುಗಳ ಜೊತೆ ಬಂದದ್ದು ಮಕ್ಕಳ ಈ ಉಚಿತ ಪ್ರಯಾಣವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೆಂಬ ಮಾತು. ಪ್ರತಿಭಟನೆ ಜೋರಾಗಿ ಕೊನೆಗೆ ಆ ಷರತ್ತು ಬಿದ್ದುಹೋಯಿತು. ಹದಿನೈದು ವರ್ಷ ನಡೆದುಬಂದ ಸೌಲಭ್ಯವೂ ಹಣ ಕೊಡುವ ಕೈ ಬದಲಾದ ದಿನ ಅಲುಗಾಡುತ್ತದೆ. ಸ್ಕಾಟ್ಲೆಂಡಿನಲ್ಲಂತೂ 2022ರ ಜನವರಿ 31ರಿಂದ 22 ವರ್ಷದೊಳಗಿನ ಎಲ್ಲರಿಗೂ ಬಸ್ ಉಚಿತ. ಅಲ್ಲಿ ಹುಡುಗ, ಹುಡುಗಿ ಎಂಬ ಭೇದವಿಲ್ಲ. ಕಾರ್ಡ್ ತೋರಿಸಿ ಹತ್ತಿದರಾಯಿತು, ಬಸ್ ಕಂಪನಿಗೆ ಸರ್ಕಾರ ಹಣ ತುಂಬಿಕೊಡುತ್ತದೆ.

ನಮ್ಮಲ್ಲಿ ಆರರಿಂದ ಹನ್ನೆರಡರ ಗಂಡು ಮಕ್ಕಳನ್ನೂ ಹಾಗೆ ಸೇರಿಸಿಬಿಡಬಾರದೇ? ನನಗಂತೂ ಸೇರಿಸಬಹುದು ಅನ್ನಿಸುತ್ತದೆ. ಈಗಲೂ ಅವರು ಕೊಡುತ್ತಿರುವುದು ಅರ್ಧ. ಶಾಲೆಗೆ ಬಸ್ಸಿನಲ್ಲೇ ಹೋಗುವವರ ಬಳಿ ರಿಯಾಯಿತಿ ಪಾಸು ಇದ್ದೇ ಇರುತ್ತದೆ. ಕೆಎಸ್‌ಆರ್‌ಟಿಸಿಯ ಇತ್ತೀಚಿನ ವರ್ಷಗಳ ಪಟ್ಟಿಯಲ್ಲಿ ಪ್ರಾಥಮಿಕ ಶಾಲೆಯ ಮಗುವಿನ ಪಾಸಿಗೆ ಇಡೀ ಶೈಕ್ಷಣಿಕ ವರ್ಷಕ್ಕೆ 150 ರೂಪಾಯಿ. ಹಾಗಾಗಿ ನಿಜವಾಗಿ ಹೊಸದಾಗಿ ಬಿಟ್ಟುಕೊಡಬೇಕಾದದ್ದು ಅಜ್ಜಿಯ ಊರಿಗೆ, ಜಾತ್ರೆಗೆ, ಆಸ್ಪತ್ರೆಗೆ ಅಪ್ಪ ಅಮ್ಮನ ಜೊತೆ ಹೋಗುವಾಗಿನ ಅರ್ಧ ಟಿಕೆಟ್. ಆದರೆ ಕೊಡುವುದಾದರೆ ಶೂನ್ಯ ಟಿಕೆಟ್ ಹರಿದು, ಎಣಿಸಿ ಕೊಡಬೇಕು. ಬರಿದೇ ‘ಬಿಡಿ, ಮಗು ತಾನೆ’ ಎಂದು ದರಪಟ್ಟಿಯಿಂದ ಹೊಡೆದುಹಾಕಿದರೆ ಅದು ಇನ್ನೊಮ್ಮೆ ಉಳಿದವರ ಟಿಕೆಟ್ಟಿನೊಳಗೆ ಕರಗುತ್ತದೆ, ಮುಂದಿನ ದರ ಏರಿಕೆಯಲ್ಲಿ ಹೊರಬರುತ್ತದೆ.

ಇಷ್ಟೆಲ್ಲ ಓದುವಾಗ ಮಂಗಳೂರು, ಉಡುಪಿಯ ಓದುಗರು ಒಳಗೊಳಗೇ ನಗುತ್ತಿರಬಹುದು. ಅಲ್ಲಿನ ಪಟ್ಟಣಗಳಲ್ಲಿ, ಹಳ್ಳಿ ದಾರಿಗಳಲ್ಲಿ ಬಹುಪಾಲು ಓಡುವುದು ಖಾಸಗಿ ಬಸ್ಸು. ಖಾಸಗಿ ಬಸ್ಸಿಗೆ ಶಕ್ತಿ ಯೋಜನೆ ಇಲ್ಲ, ಆದ್ದರಿಂದ ಅಲ್ಲಿನ ಏಳರ ಹುಡುಗಿಗೆ ತುಮಕೂರಿನ ಏಳರ ಹುಡುಗಿಗಿರುವ ಸೌಲಭ್ಯ ಕಾಗದದ ಮೇಲಷ್ಟೇ ಇದೆ. ಕಾಸರಗೋಡಿನ ಕನ್ನಡ ಶಾಲೆಯ ಹುಡುಗಿಗೆ ಕಾಗದದ ಮೇಲೂ ಇಲ್ಲ. ಅವಳ ವಿಳಾಸ ಕೇರಳದ್ದು, ಮಂಗಳೂರಿಗೆ ಬರುವ ಬಸ್ಸು ಅಂತರರಾಜ್ಯದ್ದು. ಉಚಿತ ಪ್ರಯಾಣಕ್ಕೆ ಮೊದಲ ಅರ್ಹತೆ ಹೆಣ್ಣಾಗಿರುವುದೂ ಅಲ್ಲ, ಮಗುವಾಗಿರುವುದೂ ಅಲ್ಲ. ಮನೆಯ ಮುಂದೆ ಸರ್ಕಾರಿ ಬಸ್ಸು ಬರುವುದು.

ಮತ್ತೆ ಮೆಜೆಸ್ಟಿಕ್‌ನ ಕುಟುಂಬಕ್ಕೆ ಬರೋಣ. ಅವರಿಗೆ ಕೊಡಬಹುದಾದ ಸಲಹೆ ಚಿಕ್ಕದು. ಕಿರಿಯವನ ವಯಸ್ಸಿಗೊಂದು ಪುರಾವೆಯನ್ನು, ಆಧಾರ್ ಆದರೂ ಸರಿ, ಮೊಬೈಲಿನಲ್ಲೋ ಚೀಲದಲ್ಲೋ ಇಟ್ಟುಕೊಳ್ಳಬೇಕು. ಆರರ ಆಸುಪಾಸಿನ ಮಗು ಸ್ವಲ್ಪ ಎತ್ತರವಾಗಿದ್ದರೂ ಬಸ್ಸಿನಲ್ಲಿ ವಾದ ಶುರುವಾಗುವುದು ಖಂಡಿತ. ಕಂಡಕ್ಟರಿಗೂ ಅದು ಸುಖದ ಕೆಲಸವಲ್ಲ. ನಡುದಾರಿಯಲ್ಲಿ ತನಿಖೆಯವರು ಹತ್ತಿ, ಟಿಕೆಟ್ಟಿಲ್ಲದ ಮಗು ಆರು ದಾಟಿದೆ ಎಂದರೆ ವಿವರಣೆ ಕೊಡಬೇಕಾದವರು ಕಂಡಕ್ಟರೇ. ಮಗಳ ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರುವುದನ್ನೂ ಒಮ್ಮೆ ನೋಡಿಕೊಳ್ಳಬೇಕು.

ಇನ್ನು ಐದು ವರ್ಷಕ್ಕೆ ಅವಳಿಗಳು ಒಂದೇ ದಿನ ಹನ್ನೆರಡು ದಾಟುತ್ತಾರೆ. ಅಲ್ಲಿಯವರೆಗೆ ನಿಯಮ ಬದಲಾಗದಿದ್ದರೆ ಮಾರನೆಯ ದಿನ ತುಮಕೂರಿನ ಬಸ್ಸಿನಲ್ಲಿ ಅವಳಿಗೆ ಮತ್ತದೇ ಶೂನ್ಯ ಟಿಕೆಟ್, ಅವನಿಗೆ ಪೂರ್ತಿ ಟಿಕೆಟ್. ಎಂಟನೇ ತರಗತಿಗೆ ಸೇರಿದಾಗ ಅವನ 150 ರೂಪಾಯಿಯ ಪಾಸು ಇಂದಿನ ಪಟ್ಟಿಯ ಪ್ರಕಾರ 750 ಆಗುತ್ತದೆ. ಪಟ್ಟಿಯಲ್ಲಿ ಬಾಲಕಿಯರ ಮುಂದೆ 550 ಎಂದು ಈಗಲೂ ಬರೆದಿದೆ, ಆದರೆ ಅವಳು ಗುರುತಿನ ಚೀಟಿ ತೋರಿಸಿ ಅದೇ ಬಸ್ಸು ಹತ್ತುತ್ತಾಳೆ.